ಜರ್ವಲಿ ಮಾಡಿದ ನಕಲು

ಅಂಗಡಿಯ ಮೆಟ್ಟಿಲು ಹತ್ತಿ ಬಂದವನ ಹುಬ್ಬು ಕಂಡದ್ದೇ ಜರ್ವಲಿಯ ಕೈಯಲ್ಲಿ ಕಬ್ಬಿಣ ಉಜ್ಜುತ್ತಿದ್ದ ಅರ ನಿಂತಿತು. ಆ ಕೂಡುಹುಬ್ಬು ತುರಾಬನದು. ಜರ್ವಲಿಯ ತಮ್ಮನನ್ನು ಕೊಂದು, ಹನ್ನೊಂದು ವರ್ಷ ತಲೆಮರೆಸಿಕೊಂಡಿದ್ದು, ಹೋದ ಚಳಿಗಾಲದಲ್ಲಿ ಹಾಸಿಗೆಯಲ್ಲೇ ಸತ್ತು ಮೋಸ ಮಾಡಿದ ತುರಾಬ. ಇವನು ಮಗನೇ ಇರಬೇಕು. ಅಪ್ಪ ಹೋದರೆ ಹಗೆ ಮಗನಿಗೆ. ಮನೆಮನೆಯಲ್ಲೂ ಬಂದೂಕು ಮಾಡುವ ಈ ಪಠಾಣರ ಊರು ದರಾದಲ್ಲಿ ಇದನ್ನು ಯಾರಿಗೂ ಕಲಿಸಬೇಕಾಗಿಲ್ಲ.

ಹುಡುಗ ಸಲಾಂ ಹೇಳಿದ. ಹೆಸರು ತೋರ್ಗುಲ್ ಎಂದ. ತಂದೆಯ ಹೆಸರು ಹೇಳಲಿಲ್ಲ. ಒಂದು ತೋಕರೇವ್ ಪಿಸ್ತೂಲು ಬೇಕಿತ್ತಂತೆ.

"ರಷ್ಯಾದ್ದೋ, ಚೀನಾದ್ದೋ, ನಮ್ದೋ?"

"ನಿಮ್ಮ ಕೈಯಾರೆ ಮಾಡಿದ್ದೇ ಆಗ್ಬೇಕು, ಕಾಕಾ."

ರಷ್ಯಾದವರು ಹೆತ್ತ ಪಿಸ್ತೂಲು ಅದು. ಚೀನಾದವರು ಸಾಕಿದರು, ದರಾದವರು ಬಡವರ ಮನೆಮನೆಗೂ ಮದುವೆ ಮಾಡಿಕೊಟ್ಟರು. ಮಾದರಿಗೆಂದು ಬಂದ ಮೊದಲ ಪಿಸ್ತೂಲಿನ ಮೇಲೊಂದು ಗೀರಿತ್ತು. ಆ ವರ್ಷ ಬೀದಿಯ ಪಿಸ್ತೂಲುಗಳಿಗೆಲ್ಲ ಅದೇ ಜಾಗದಲ್ಲಿ ಗೀರು. ಗುಂಡು ಕೈತಪ್ಪಿ ಹಾರದಂತೆ ತಡೆಯುವ ಕೀಲು ಅಸಲಿಯಲ್ಲೇ ಇರಲಿಲ್ಲ, ನಕಲಿನಲ್ಲೂ ಇಲ್ಲ. ಅದು ಬೇಕೆಂದವರಿಗೆ ಜರ್ವಲಿ, ಹಾಗಾದರೆ ಕೋಲು ಹಿಡಿದುಕೊಂಡು ಓಡಾಡು ಎನ್ನುತ್ತಿದ್ದ.

ಹಿಡಿಕೆಯ ಅಳತೆಗೆ ಕೈ ಚಾಚು ಎಂದರೆ ಹುಡುಗ ಚಾಚಲಿಲ್ಲ. ನಿಮ್ಮ ಕೈಗೆ ಸರಿಯಾಗಿ ಕೂತರೆ ಸಾಕು ಎಂದ. ಇನ್ನೂ ಹಸಿ ಹುಡುಗ ಎಂದುಕೊಂಡ ಜರ್ವಲಿ, ಹಸಿರು ಚಹಾ ಕುಡಿಸಿ, ಶುಕ್ರವಾರ ಬರಹೇಳಿದ.

ಅಂಗಡಿಗೆ ಬಂದ ಅತಿಥಿಯ ಮೇಲೆ ಕೈಯೆತ್ತುವುದು ಪಠಾಣನಿಗೆ ಹೇಸಿಗೆ. ಅತಿಥಿ ಕೊಂಡುಹೋಗುವ ವಸ್ತುವಿನ ಬಗ್ಗೆ ಹಿರಿಯರು ಏನೂ ಹೇಳಿಲ್ಲ.

ಅವನು ಪಿಸ್ತೂಲು ಮಾಡಿದ. ಬಿಸ್ಮಿಲ್ಲಾ ಹೇಳದೆ ಮಾಡಿದ, ಅಷ್ಟರಮಟ್ಟಿಗೆ ಪ್ರಾಮಾಣಿಕ. ಹೊರಗೆ ಕನ್ನಡಿಯ ಹೊಳಪು, ಒಳಗೆ ಯಾರ ಕಣ್ಣಿಗೂ ಬೀಳದಂತೆ ಸೀಳು ಬಿಟ್ಟ ಕಬ್ಬಿಣ. ಪಿಸ್ತೂಲಿನ ಕುದುರೆ ಎಳೆದವನ ಕೈ, ಮುಖ ಎರಡೂ ಮೊದಲ ಗುಂಡಿಗೇ ಹಾರಿಹೋಗಬೇಕು.

ಒಂದೇ ಅಳುಕು. ದರಾದಲ್ಲಿ ಕೊಳ್ಳುವವರು ಬೀದಿಯಲ್ಲೇ ಒಂದು ಹಾರಿಸಿ ನೋಡುತ್ತಾರೆ. ಅಂಗಡಿಯ ಮುಂದೆ ಒಡೆದರೆ ಹಗೆಯೇನೋ ತೀರುತ್ತಿತ್ತು, ಹೆಸರು ಕೆಡುತ್ತಿತ್ತು. ಆದರೆ ಶುಕ್ರವಾರ ಬಂದ ತೋರ್ಗುಲ್ ಹಾರಿಸಲಿಲ್ಲ.

"ಮೊದಲನೇ ಗುಂಡು ಇಲ್ಲಿ ಬೇಡ, ಕಾಕಾ. ಅದು ಬೇರೆಯವರಿಗೆ ಸೇರಿದ್ದು."

"ಯಾರಿಗಪ್ಪಾ?"

"ಅಪ್ಪನ ಕಾಲದಿಂದ ನಮ್ಮನೇಲಿ ಯಾರಿಗೂ ನಿದ್ದೆ ಹತ್ತದ ಹಾಗೆ ಮಾಡಿದೋರಿಗೆ."

ಅದು ತಾನೇ ಎಂದು ಜರ್ವಲಿಗೆ ತಿಳಿಯಿತು. ಗುಂಡುಗಳನ್ನು ಪುಕ್ಕಟೆ ಕೊಟ್ಟ.

ಮಧ್ಯಾಹ್ನದ ನಮಾಜು ಮುಗಿಸಿ, ಮನೆಯ ಬಾಗಿಲು ಹಾರುಹೊಡೆದು, ಅಂಗಳದಲ್ಲಿ ಮಂಚ ಹಾಕಿಸಿಕೊಂಡು ಕೂತ. ತನ್ನನ್ನು ಕೊಲ್ಲಲು ಬರುವವನನ್ನು ಅಷ್ಟು ನಿಶ್ಚಿಂತೆಯಿಂದ ಯಾರೂ ಕಾದಿರಲಾರರು.

ತೋರ್ಗುಲ್ ಬಂದ. ಹಿಂದೆ ಊರಿನ ಬಿಳಿಗಡ್ಡದ ಹಿರಿಯರೆಲ್ಲ. ಅವರ ಹಿಂದೆ ಒಂದು ಟಗರು. ಹುಡುಗನ ಬಾಯಲ್ಲಿ ಹುಲ್ಲು, ಹಗೆಯ ಮನೆಗೆ ಶರಣು ಬಂದವರ ಗುರುತು. ಅವನು ಮಂಡಿಯೂರಿ, ಹುಲ್ಲು ತೆಗೆದು, ಗುಂಡು ತುಂಬಿದ ಪಿಸ್ತೂಲನ್ನು ಜರ್ವಲಿಯ ಕೈಯಲ್ಲಿಟ್ಟ.

"ಅಪ್ಪ ಮಾಡಿದ್ದಕ್ಕೆ ನನ್ನ ಎದೆಗೆ ಹೊಡೀರಿ, ಇಲ್ಲಾ ಮಾಫಿ ಅಂತ ಆಕಾಶಕ್ಕೆ ಹೊಡೀರಿ, ಕಾಕಾ, ಎತ್ತಲಾದ್ರೂ ಸರಿ, ಈ ಹಿರಿಯರ ಕಣ್ಮುಂದೆ ಕುದುರೆ ಮಾತ್ರ ನೀವೇ ಎಳೀಬೇಕು."