ಆಷಾಢದ ಪಾರ್ಸೆಲ್

ಉತ್ತರಹಳ್ಳಿಯಿಂದ ಜಯನಗರಕ್ಕೆ ಆಟೋ ಆದರೆ ಇನ್ನೂರ ಅರವತ್ತು, ಕಾರಾದರೆ ನಾನೂರು. ಯಾವುದರಲ್ಲಿ ಹೋದರೂ ಸಂಜೆಯ ಟ್ರಾಫಿಕ್ಕಿನಲ್ಲಿ ಕಳ್ಳ ಕೈಗೆ ಸಿಗುವುದಿಲ್ಲ. ಬೈಕ್ ಟ್ಯಾಕ್ಸಿ ಸರ್ಕಾರದ ನಿಷೇಧದಿಂದ ನಿಂತುಹೋಗಿತ್ತು. ಬೈಕಿನಲ್ಲಿ ಸಾಮಾನು ಸಾಗಿಸುವುದು ಮಾತ್ರ ನಿಂತಿರಲಿಲ್ಲ, ಅದಕ್ಕೆ ತೊಂಬತ್ತು. ಬಸವಪ್ರಸಾದ ತನ್ನನ್ನೇ ಸಾಮಾನು ಮಾಡಿಕೊಂಡ.

ಪಾರ್ಸೆಲ್ಲಿನಲ್ಲಿ ಏನಿದೆ ಎಂದು ಆ್ಯಪ್ ಕೇಳಿತು. 'ಬಟ್ಟೆ' ಎಂದು ಒತ್ತಿದ. ಇಪ್ಪತ್ತು ಕಿಲೋ ಒಳಗಿದೆಯೇ? 'ಹೌದು.' ಎಪ್ಪತ್ತೆಂಟು ಕಿಲೋ ತೂಗುವ ಅವನು ಅಷ್ಟು ಸುಳ್ಳಿಗೆ ಹೆದರುವ ಸ್ಥಿತಿಯಲ್ಲಿರಲಿಲ್ಲ.

ಮದುವೆಯಾಗಿ ಎರಡು ತಿಂಗಳು. ಹೆಂಡತಿ ಮೇಘಶ್ರೀ ಆಷಾಢಕ್ಕೆಂದು ಹನುಮಂತನಗರದ ತವರಿಗೆ ಹೋಗಿದ್ದಳು. ಹೊರಗೆಲ್ಲಾದರೂ ಸಿಗೋಣ ಎಂದರೆ ದಿನಕ್ಕೊಂದು ನೆಪ. ಮಧ್ಯಾಹ್ನ ಅವಳ ತಂಗಿ ಸಿರಿ ಫೋನಿನಲ್ಲಿ ಬಾಯಿ ಜಾರಿ ಹೇಳಿಬಿಟ್ಟಿದ್ದಳು: "ಅಕ್ಕ ಇವತ್ತೂ ಸಂಜೆ ಜಯನಗರದ ದರ್ಶಿನಿಗೆ ಹೋಗ್ತಾಳೆ ಭಾವ. ಅವ್ರು ಬರ್ತಾರಲ್ಲ." ಅವರು ಯಾರೆಂದು ಕೇಳುವಷ್ಟರಲ್ಲಿ ನಾಲಿಗೆ ಕಚ್ಚಿಕೊಂಡು ಫೋನ್ ಇಟ್ಟಳು. ಆ 'ಅವ್ರೇ' ಬಸವಪ್ರಸಾದ ಹಿಡಿಯಹೊರಟ ಕಳ್ಳ.

ಸ್ಕೂಟರ್ ಮನೆಯ ಮುಂದೆಯೇ ನಿಂತಿತ್ತು. ಕೀಲಿ ಅಮ್ಮನ ಸೊಂಟದಲ್ಲಿತ್ತು. "ಆಷಾಢ ಅಂದ್ರೆ ಆಷಾಢ. ನಾನೂ ಅವಳೂ ಒಂದೇ ಹೊಸ್ತಿಲು ದಾಟೋ ಹಾಗಿಲ್ಲ, ನೀನು ಆ ಕಡೆ ತಲೆ ಹಾಕೋ ಹಾಗಿಲ್ಲ," ಎಂದು ಮೀನಾಕ್ಷಮ್ಮ ಮೊದಲ ದಿನವೇ ಕಿತ್ತುಕೊಂಡಿದ್ದರು. ಈ ತಿಂಗಳು ಅವರಿಗೆ ಭಕ್ತಿ ಹೆಚ್ಚಾಗಿತ್ತು. ಮಂಡಿನೋವು ಮರೆತು ದಿನಾ ಸಂಜೆ ಪ್ರವಚನಕ್ಕೆ ಹೋಗುತ್ತಿದ್ದರು. ಬಂದ ಮೇಲೆ "ಪ್ರಸಾದ ಆಯ್ತು" ಎಂದು ಊಟಕ್ಕೂ ಕೂರುತ್ತಿರಲಿಲ್ಲ.

ಗುರುಸಿದ್ದ ಎಂಬುವವನು ಬೈಕ್ ತಂದ.

"ಪಾರ್ಸೆಲ್ ಎಲ್ಲಿ ಸಾರ್?"

"ನಾನೇ."

"ಹತ್ತಿ," ಎಂದು ಹೆಲ್ಮೆಟ್ ಕೊಟ್ಟ. ಅವನಿಗೆ ಇದು ಹೊಸದಲ್ಲ.

ಬನಶಂಕರಿಯ ಹತ್ತಿರ ವಾಹನಗಳು ನಿಂತಲ್ಲೇ ನಿಂತಿದ್ದವು. ಬೈಕು ಫುಟ್‌ಪಾತ್ ಏರಿತು, ಸೊಪ್ಪಿನ ಗಾಡಿಗಳ ನಡುವೆ ನುಸುಳಿತು, ಯಾರದೋ ಮನೆಯ ರಂಗೋಲಿಯನ್ನು ಕೂದಲೆಳೆಯಲ್ಲಿ ತಪ್ಪಿಸಿ ಇನ್ನೊಂದು ರಸ್ತೆಗೆ ಬಿತ್ತು. ತಿರುವಿನಲ್ಲಿ ಪೊಲೀಸಪ್ಪ ಕೈ ಅಡ್ಡ ಹಿಡಿದ.

"ಹಿಂದೆ ಏನು?"

"ಪಾರ್ಸೆಲ್ ಸಾರ್. ಬಟ್ಟೆ."

"ಬಟ್ಟೆ ಶೂ ಹಾಕ್ಕೊಂಡಿದೆಯಲ್ಲೋ."

"ಹೆಂಡ್ತಿನ ನೋಡೋಕೆ ಹೋಗ್ತಿದೀನಿ ಸಾರ್," ಎಂದ ಬಸವಪ್ರಸಾದ. "ಆಷಾಢ."

ಪೊಲೀಸಪ್ಪ ಅವನ ಮುಖ ನೋಡಿದ. ಅವನಿಗೂ ಈಚೆಗೆ ಮದುವೆಯಾಗಿದ್ದಿರಬೇಕು. ಕೈ ಇಳಿಸಿದ.

ಗುರುಸಿದ್ದನಿಗೆ ಮಾತು ಹೊರಟಿತು. "ನಿಮ್ಮ ಏರಿಯಾದಿಂದ ಇನ್ನೊಂದು ಪಾರ್ಸೆಲ್ ಇದೆ ಸಾರ್. ದಿನಾ ಇದೇ ದರ್ಶಿನಿಗೆ. ಇವತ್ತು ಆಗ್ಲೇ ಬಿಟ್ಟು ಬಂದೆ. ಹನಿ ಬಿತ್ತು ಅಂತ ನನ್ನ ರೇನ್‌ಕೋಟೂ ಕೊಟ್ಟಿದೀನಿ."

"ಯಾರದು?"

"ಹೆಸರೆಲ್ಲಾ ನಾನು ಕೇಳಲ್ಲ. ಮೊದಲ ದಿನ ಕಣ್ಣು ಮುಚ್ಕೊಂಡು ಕೂತಿದ್ರು. ಈಗ 'ಹೊಡಿ ಗುರು, ಆ ಕಾರಿನವನನ್ನ ಹಿಂದೆ ಹಾಕು' ಅಂತಾರೆ. ಅಲ್ಲಿ ಮೇಡಂ ಒಬ್ರು ಕಾಯ್ತಿರ್ತಾರೆ, ಅದಕ್ಕೇ ಅವಸರ."

ತನ್ನದೇ ಬಡಾವಣೆಯವನು. ಬಸವಪ್ರಸಾದ ಬೀದಿಯ ಗಂಡಸರನ್ನೆಲ್ಲ ಮನಸ್ಸಿನಲ್ಲೇ ಸಾಲಾಗಿ ನಿಲ್ಲಿಸಿದ. ಜಿಮ್ಮಿಗೆ ಹೋಗುವ ಮಾಧವನ ಬಳಿ ಬಂದಾಗ ಅನುಮಾನ ಮುಂದಕ್ಕೆ ಹೋಗಲೇ ಇಲ್ಲ.

ದರ್ಶಿನಿಯ ಹೊರಗೆ, ಫುಟ್‌ಪಾತಿನ ಮೇಲೆ ಹಾಕಿದ್ದ ಎತ್ತರದ ಮೇಜಿನ ಬಳಿ ಮೇಘಶ್ರೀ ನಿಂತಿದ್ದಳು. ಎದುರಿಗೆ, ಇವನಿಗೆ ಬೆನ್ನು ಹಾಕಿ, ಮಂಡಿಯ ಕೆಳಗಿನ ತನಕ ಇಳಿಬಿದ್ದ ನೀಲಿ ರೇನ್‌ಕೋಟು, ತಲೆಯ ಮೇಲೆ ಅದರದೇ ಟೋಪಿ. ಅವಳು ದೋಸೆಯ ಗರಿಗರಿ ತುದಿ ಮುರಿದು, ಚಟ್ನಿಗೆ ಅದ್ದಿ, ನಗುತ್ತ ಆ ಟೋಪಿಯೊಳಗಿನ ಬಾಯಿಗೆ ಇಟ್ಟಳು. ಮದುವೆಯ ದಿನ ಫೋಟೊದವನು ಹೇಳಿದಾಗ ಬಿಟ್ಟರೆ ಗಂಡನಿಗೂ ಹಾಗೆ ತಿನ್ನಿಸಿದವಳಲ್ಲ.

ಬಸವಪ್ರಸಾದ ಹೋಗಿ ರೇನ್‌ಕೋಟಿನ ಹೆಗಲು ಹಿಡಿದು ತಿರುಗಿಸಿದ.

"ಮೆತ್ತಗೆ ಕಣೋ," ಎಂದರು ಮೀನಾಕ್ಷಮ್ಮ. "ಚಟ್ನಿ ಚೆಲ್ತು." ಅವನ ಹಿಂದೆ ನಿಂತಿದ್ದವನನ್ನು ನೋಡಿ, "ಏನು ಗುರು, ಇವನನ್ನೂ ತಂದ್ಯಾ?"

"ಅಮ್ಮ, ಒಂದೇ ಹೊಸ್ತಿಲು ದಾಟಬಾರದು ಅಂತ..."

"ಫುಟ್‌ಪಾತಿಗೆ ಯಾವ ಹೊಸ್ತಿಲೋ? ಮನೇಲಿ ನೀನು ಫೋನ್ ನೋಡ್ಕೊಂಡು ಕೂತಿರ್ತೀಯ. ಇವಳ ಹತ್ರ ಆದ್ರೆ ನಾಲ್ಕು ಮಾತಾಡ್ಬಹುದು."

ಅವನು ಹೆಂಡತಿಯ ಕಡೆ ತಿರುಗಿದ. "ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವೂ ಬರ್ತಿದ್ರಿ," ಎಂದಳು ಮೇಘಶ್ರೀ.

ಮೀನಾಕ್ಷಮ್ಮ ಗುರುಸಿದ್ದನಿಗೆ ಕೈಸನ್ನೆ ಮಾಡಿದರು. "ಇವನನ್ನ ವಾಪಸ್ ಮನೆಗೆ ಬಿಟ್ಟು ಬಾ. ಆಷಾಢ ಇನ್ನೂ ಮುಗಿದಿಲ್ಲ."

ಆ ತಿಂಗಳು ಅತ್ತೆಗೆ ಸೊಸೆ ಸಿಕ್ಕಳು. ಬಸವಪ್ರಸಾದನಿಗೆ ಹೆಂಡತಿ ಸಿಗಲಿಲ್ಲ.