ಪ್ರಯೋಗದ ಗಿರಣಿ

ಓಣಿಗೊಂದು ಪ್ರಯೋಗಾಲಯ ಬಂದ ಮೇಲೆ ಜನ ಅದನ್ನೂ ಗಿರಣಿಯೆಂದೇ ಕರೆಯತೊಡಗಿದ್ದರು. ಡಬ್ಬಿ ಕೊಟ್ಟು ಬೇಕಾದ್ದನ್ನು ಹೇಳಿದರೆ ಸಾಕು, ಸಂಶೋಧಿಸಿ, ತಯಾರಿಸಿ, ಡಬ್ಬಿ ತುಂಬಿ ಕೊಡುವುದೆಲ್ಲ ಯಂತ್ರದ್ದು.

ಬೇಸಿಗೆಯಲ್ಲೂ ಹುಳಿಯದ ದೋಸೆಹಿಟ್ಟು ಬೇಕೆಂದು ನೀಲಗಂಗಾ ಕೊಟ್ಟಿದ್ದ ಡಬ್ಬಿ ಇವತ್ತು ತಯಾರಾಗಿತ್ತು. ಸೊಂಟದ ಮೇಲಿನ ಕೂಸನ್ನು ಸರಿಮಾಡಿಕೊಂಡು ಮುಚ್ಚಳ ತೆಗೆದಳು; ರೂಢಿಯಂತೆ ಬೆರಳಿಗೆ ಹಚ್ಚಿ ನಾಲಿಗೆಗಿಟ್ಟಳು. ಹುಳಿಯಿರಲಿಲ್ಲ. ಆದರೆ ಎಲ್ಲೋ ಸಣ್ಣಗೆ ಕಹಿ.

ಬೇರೆಯವರ ಕಾಳು ತನ್ನ ಹಿಟ್ಟಿಗೆ ಬೆರೆಯಬಾರದೆಂದು ಹಿಟ್ಟಿನ ಗಿರಣಿಯಲ್ಲಿ ಕೇಳುವ ಹಾಗೆಯೇ, ಯಂತ್ರ ನಡೆಸುವ ಚನಬಸಣ್ಣನನ್ನು ಕೇಳಿದಳು: "ನಂದಕ್ಕಿಂತ ಮೊದ್ಲ ಯಾರ್ದು ಹಾಕಿದ್ರಿ?"

"ಮೂಲಿಮನಿ ಮಾಸ್ತರ್ದು. ಇಲಿಗೆ ರೋಗ ಬೇಕಂದ್ರು. ಒಂದು ತಿಂದ್ರ ಸಾಕು, ಓಣಿ ಇಲಿಗೆಲ್ಲಾ ಹಬ್ಬಬೇಕಂತ."

ಅವಳು ನಾಲಿಗೆಗಿಟ್ಟ ಬೆರಳನ್ನು ನೋಡಿಕೊಂಡಳು. "ನಡುವ ಯಂತ್ರಾ ತೊಳದ್ರಿಲ್ಲ?"

"ಅದ ತೊಳಕೋತೈತಿ ಬಿಡವ್ವಾ. ಒಂದೀಟು ಉಳದಿದ್ರೂ ಅದು ಇಲಿಗಷ್ಟ ಬರೂದು."

"ಮಾಸ್ತರ್ ಮನ್ಯಾಗ ಇಲಿ ಸತ್ತಾವೇನ್ರಿ?"

"ಯಾರಿಗ್ಗೊತ್ತು. ಡಬ್ಬಿ ಒಯ್ದು ಎರಡ ದಿನ ಆತು, ಬಾಗಲಾನ ತಗದಿಲ್ಲ ಅವರು."

ನೀಲಗಂಗಾ ಸೆರಗಿನಿಂದ ನಾಲಿಗೆಯನ್ನು ಉಜ್ಜಿ ಉಜ್ಜಿ ಒರೆಸಿಕೊಂಡಳು. ಸೊಂಟದ ಮೇಲಿನ ಕೂಸು ಆಗಲೇ ಡಬ್ಬಿಗೆ ಬೆರಳದ್ದಿ ಚೀಪುತ್ತಿತ್ತು.