ತಾಲೀಮಿನ ಮಾತ್ರೆ

ಅಣುಸ್ಥಾವರದ ಸುರಕ್ಷತಾ ಸಾಹೇಬರಿಗೆ ಬೆಳಗಿನಿಂದಲೇ ಎದೆ ಡವಡವ. ಅಪಘಾತವಾದರೆ ಏನು ಮಾಡಬೇಕೆಂದು ಊರವರಿಗೆ ಕಲಿಸುವ ಅಣಕು ತಾಲೀಮು ಇವತ್ತು. ಹೋದ ವರ್ಷ ಸೈರನ್ ಎಷ್ಟು ಕೂಗಿದರೂ ಬಂದವಳು ಒಬ್ಬಳೇ ಒಬ್ಬಳು ಅಜ್ಜಿ. ಈ ಸಲವೂ ಹಾಗೇ ಆದರೆ ಸಾಹೇಬರಿಗೆ ವರ್ಗಾವಣೆ ಖಾತ್ರಿ.

ಸೊಂಟ ಹಿಡಿದುಕೊಂಡು ಜೀಪಿನಿಂದ ಇಳಿದವರು ಕಣ್ಣುಜ್ಜಿಕೊಂಡರು. ಸೈರನ್ ಇನ್ನೂ ಕೂಗಿಯೇ ಇಲ್ಲ, ಶಾಲೆಯ ಅಂಗಳದಲ್ಲಿ ಊರಿಗೆ ಊರೇ ಸಾಲುಗಟ್ಟಿದೆ! ಎಲ್ಲರಿಗಿಂತ ಮುಂದೆ ಅದೇ ಅಜ್ಜಿ.

“ಭೇಷ್ ಅಜ್ಜೀ! ವಿಕಿರಣದ ವಿಷಯ ಎಲ್ಲರಿಗೂ ತಿಳಿಸಿದ್ದು ನೀವೇ ಏನು?”

“ವಿಕಿರಣ ಗಿಕಿರಣ ನಂಗೆಲ್ಲಿ ತಿಳೀತದೆ ಮಾರಾಯಾ? ಹೋದ ವರ್ಷ ನೀನು ಕೊಟ್ಟ ಬಿಳೀ ಮಾತ್ರೆ ನುಂಗಿದ್ದೇ ಸೈ, ಮೊಣಕಾಲು ನೋವು ಮಂಗಮಾಯ! ಅದನ್ನ ಹೇಳ್ದೆ, ಅಷ್ಟೇ. ಇವರಿಗೆಲ್ಲ ಒಂದೊಂದು ಕೊಡು, ನಂಗೆ ಎರಡು.”

ವಿಕಿರಣದಿಂದ ಕಾಪಾಡುವ ನಿಜವಾದ ಅಯೋಡಿನ್ ಮಾತ್ರೆ ಅಪಘಾತದ ದಿನಕ್ಕೆಂದು ಬೀರುವಿನಲ್ಲಿ ಭದ್ರವಾಗಿತ್ತು. ತಾಲೀಮಿಗೆ ಕೊಡುವುದು ಬರೀ ಸಕ್ಕರೆ ಹಿಟ್ಟಿನ ಗುಳಿಗೆ.

“ಅಜ್ಜೀ, ಅದು ಔಷಧಿಯಲ್ಲ, ಸುಮ್ಮನೆ ಸಕ್ಕರೆ...”

“ಸಿಹಿ ಇದ್ದಿದ್ದು ನಂಗೂ ಗೊತ್ತು. ಕಹಿ ಇದ್ರೇ ಔಷಧಿ ಅಂತ ಯಾರು ಹೇಳಿದ್ರು ನಿಂಗೆ?”

ಸಾಲಿಗೆ ಸಾಲೇ ನಕ್ಕಿತು.

ತಾಲೀಮು ಭರ್ಜರಿಯಾಗಿಯೇ ಮುಗಿಯಿತು. ಸಂಜೆ ಸಾಹೇಬರು ಸೊಂಟ ನೀವಿಕೊಳ್ಳುತ್ತ ಜೀಪು ಹತ್ತುವಾಗ, ಮಾತ್ರೆ ಹಂಚಿದ್ದ ಕಂಪೌಂಡರ್ ಡಬ್ಬಿ ಅಲ್ಲಾಡಿಸಿದ. “ಸಾರ್, ಸಕ್ಕರೆ ಗುಳಿಗೆ ಸ್ವಲ್ಪ ಉಳಿದಿದೆ. ಎಸೆದುಬಿಡ್ಲಾ?”

ಸಾಹೇಬರು ಅತ್ತಿತ್ತ ನೋಡಿ ಅಂಗೈ ಚಾಚಿದರು. “ಎರಡು ಇಲ್ಲಿ ಕೊಡು.”